ಕಾಮಣಿಯ ಮದ್ದು, ಕೊಬ್ಬಿನ ಲಿವರು

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಸೀಮೆಯಲ್ಲಿ 'ಕಾಮಣಿ' ಎಂಬ ಮಾತು ಕೇಳದ ಮನೆ ಇರಲಿಕ್ಕಿಲ್ಲ. ಪುಸ್ತಕದ ಭಾಷೆಯಲ್ಲಿ ಅದು ಕಾಮಾಲೆ. ಕಣ್ಣು ಹಳದಿಯಾಯಿತು, ಬಾಯಿಗೆ ಅನ್ನ ಸೇರದಾಯಿತು ಎಂದರೆ ದವಾಖಾನೆಗಿಂತ ಮೊದಲು ನೆನಪಾಗುವುದು ಕಾಮಣಿ ಔಷಧ ಕೊಡುವವರ ಮನೆ. ಬೆಳಗಿನ ಜಾವ, ಬರಿಹೊಟ್ಟೆಯಲ್ಲಿ, ಇಂಥದೇ ವಾರ ಎಂದು ಗೊತ್ತುಮಾಡಿ, ಅರೆದ ಸೊಪ್ಪನ್ನು ಹಾಲಿನಲ್ಲೋ ಮಜ್ಜಿಗೆಯಲ್ಲೋ ಕಲಸಿ ಕೊಡುತ್ತಾರೆ. ದುಡ್ಡು ಕೇಳುವುದಿಲ್ಲ, ಕೇಳಿದರೆ ಔಷಧಕ್ಕೆ ಗುಣವಿಲ್ಲ ಎಂಬ ನಂಬಿಕೆ ಹಲವು ಕಡೆ ಇದೆ. ಆದರೆ ಪಥ್ಯ ಮಾತ್ರ ಕಡ್ಡಾಯ. ಎಣ್ಣೆ ಬೇಡ, ಖಾರ ಬೇಡ, ಕರಿದದ್ದು ಬೇಡ, ಕುಡಿತವಂತೂ ಬೇಡವೇ ಬೇಡ.

ಈಗ ಅದೇ ಅಂಗಕ್ಕೆ ಬೇರೊಂದು ಹೆಸರಿನ ಕಾಯಿಲೆ ಬಂದಿದೆ. ಹೊಟ್ಟೆನೋವೆಂದೋ, ಮೂತ್ರಪಿಂಡದ ಹರಳೆಂದೋ ಸೋನೋಗ್ರಫಿ ಮಾಡಿಸಿಕೊಂಡವರ ವರದಿಯ ಕೊನೆಯಲ್ಲಿ 'ಫ್ಯಾಟಿ ಲಿವರ್, ಗ್ರೇಡ್ 1' ಎಂದು ಒಂದು ಸಾಲು ಇರುತ್ತದೆ. ಕಣ್ಣು ಹಳದಿಯಿಲ್ಲ, ಜ್ವರವಿಲ್ಲ, ನೋವಿಲ್ಲ. ಲಿವರ್ ಎಂದ ಕೂಡಲೇ ಮನೆಯ ಹಿರಿಯರಿಗೆ ಹೊಳೆಯುವುದು ಕಾಮಣಿ. ಕಾಮಣಿ ಎಂದ ಕೂಡಲೇ ನೆಲನೆಲ್ಲಿ, ಗರುಗ, ಅಮೃತಬಳ್ಳಿ. ಪೇಟೆಯೂ ಇದನ್ನು ಚೆನ್ನಾಗಿ ಬಲ್ಲದು. ಹಿತ್ತಲಲ್ಲಿ ಕಿತ್ತು ಅರೆಯುತ್ತಿದ್ದ ಸೊಪ್ಪು ಇಂದು ಪುಡಿಯಾಗಿ, ಗುಳಿಗೆಯಾಗಿ, ಸಿರಪ್ ಆಗಿ, 'ಲಿವರ್ ಡಿಟಾಕ್ಸ್' ಎಂಬ ಹೆಸರು ಹೊತ್ತು ಮೊಬೈಲಿನ ಜಾಹೀರಾತಿನಲ್ಲಿ ಬರುತ್ತಿದೆ.

ಈ ಗಿಡಮೂಲಿಕೆಗಳಲ್ಲಿ ಗುಣವಿದೆಯೇ ಎಂಬುದು ಒಂದು ಪ್ರಶ್ನೆ. ಕಾಮಣಿಯ ಮದ್ದು ಕೊಬ್ಬಿದ ಯಕೃತ್ತಿಗೂ ಮದ್ದಾಗಬಲ್ಲುದೇ ಎಂಬುದು ಇನ್ನೊಂದು. ಎರಡನ್ನೂ ಒಂದೇ ಎಂದು ತಿಳಿಯುವುದರಲ್ಲಿಯೇ ತೊಡಕಿರುವುದು.

ಎರಡು ಬೇನೆ, ಒಂದು ಅಂಗ

ಹಳ್ಳಿಗಳಲ್ಲಿ ಕಂಡುಬರುವ ಕಾಮಣಿಯ ದೊಡ್ಡ ಪಾಲು ವೈರಸ್ಸಿನಿಂದ ಬರುವಂಥದು. ಹೊಲಸು ನೀರು, ಹೊಲಸು ಆಹಾರದ ಮೂಲಕ ಹರಡುವ ಹೆಪಟೈಟಿಸ್ 'ಎ' ಮತ್ತು 'ಇ' ವೈರಸ್ಸುಗಳು ಯಕೃತ್ತನ್ನು ಕೆರಳಿಸುತ್ತವೆ. ಪಿತ್ತದ ಬಣ್ಣ ರಕ್ತದಲ್ಲಿ ಉಳಿದು ಕಣ್ಣು, ಚರ್ಮ ಹಳದಿಯಾಗುತ್ತವೆ. ಗರ್ಭಿಣಿಯರಿಗೆ 'ಇ' ವೈರಸ್ ಪ್ರಾಣಾಪಾಯ ತರಬಹುದು. ಮೊದಲೇ ಯಕೃತ್ತು ಕೆಟ್ಟವರಿಗೂ ಅಪಾಯವಿದೆ. ಉಳಿದ ಬಹುತೇಕ ಜನರಲ್ಲಿ ದೇಹವೇ ವೈರಸ್ಸನ್ನು ಹೊರಗಟ್ಟುತ್ತದೆ. ಕೆಲವು ವಾರಗಳಲ್ಲಿ ರೋಗಿ ಎದ್ದು ಓಡಾಡುತ್ತಾನೆ. ಮದ್ದು ಕುಡಿದರೂ ಅಷ್ಟೇ, ಕುಡಿಯದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಗಾವಟಿ ಔಷಧಕ್ಕೆ ಕಾಮಣಿಯಲ್ಲಿ ಇಷ್ಟು ದೊಡ್ಡ ಹೆಸರು ಬರಲು ಇದು ಮುಖ್ಯ ಕಾರಣ. ವಿಶ್ರಾಂತಿ, ಹಗುರ ಊಟ, ಕುಡಿತದ ನಿಷೇಧ ಇವೆಲ್ಲ ಸೇರಿದ ಪಥ್ಯ ಯಕೃತ್ತಿಗೆ ಬಿಡುವು ಕೊಟ್ಟಿತು ಎನ್ನುವುದೂ ನಿಜವೇ. ಕಾಮಣಿ 'ಇಳಿಸುವ' ಇನ್ನೊಂದು ಪದ್ಧತಿಯಲ್ಲಿ ಸುಣ್ಣದ ತಿಳಿಯಲ್ಲಿ ಕೈ ತೊಳೆಸಿ ನೀರು ಹಳದಿಯಾದದ್ದನ್ನು ತೋರಿಸುತ್ತಾರೆ. ಅಲ್ಲಿ ಇಳಿಯುವುದು ಕಾಮಣಿಯಲ್ಲ. ಮೊದಲೇ ಕೈಗೆ ಸವರಿದ ತೊಗಟೆಯ ರಸ ಸುಣ್ಣಕ್ಕೆ ಸೇರಿ ಬಣ್ಣ ಬಿಡುತ್ತದೆ, ಅಷ್ಟೇ.

ಫ್ಯಾಟಿ ಲಿವರ್ ಇದರ ತದ್ವಿರುದ್ಧ ಸ್ವಭಾವದ್ದು. ಅದು ಬರುವುದು ಗೊತ್ತಾಗುವುದಿಲ್ಲ, ತಾನಾಗಿ ಹೋಗುವುದೂ ಇಲ್ಲ. ಪ್ರಾಯದ ಮನುಷ್ಯನ ಯಕೃತ್ತು ಸುಮಾರು ಒಂದೂವರೆ ಕಿಲೋ ತೂಗುತ್ತದೆ. ಉಂಡದ್ದರಲ್ಲಿ ಬಂದ ಸಕ್ಕರೆಯನ್ನು ಅದು ಗ್ಲೈಕೋಜನ್ ರೂಪದಲ್ಲಿ ಕೂಡಿಡುತ್ತದೆ. ಆದರೆ ಆ ಕಣಜ ಸಣ್ಣದು, ಹಿಡಿಸುವುದು 100 ಗ್ರಾಂ ಆಸುಪಾಸು. ಕಣಜ ತುಂಬಿದ ಮೇಲೂ ಸಕ್ಕರೆ ಬರುತ್ತಲೇ ಇದ್ದರೆ ಯಕೃತ್ತು ಅದನ್ನು ಕೊಬ್ಬಾಗಿ ಮಾರ್ಪಡಿಸುತ್ತದೆ. ಮೈಯಲ್ಲಿ ಇನ್ಸುಲಿನ್ ಮಾತು ನಡೆಯದಂತಾದಾಗ ಹೊಟ್ಟೆಯ ಸುತ್ತಲಿನ ಕೊಬ್ಬೂ ಕರಗಿ ಇಲ್ಲಿಗೇ ಬಂದು ಸೇರುತ್ತದೆ. ಯಕೃತ್ತಿನಲ್ಲಿ ಕೊಬ್ಬಿನ ಪ್ರಮಾಣ ಶೇ 5 ದಾಟಿತೆಂದರೆ ಅದು ಫ್ಯಾಟಿ ಲಿವರ್. ಬಹಳ ಜನರಲ್ಲಿ ಅದು ಅಲ್ಲಿಗೇ ನಿಲ್ಲುತ್ತದೆ. ಕೆಲವರಲ್ಲಿ ಉರಿಯೂತ ಹುಟ್ಟಿ, ವರ್ಷಗಟ್ಟಲೆ ಗಾಯ-ಮಚ್ಚೆಗಳಾಗಿ, ಕೊನೆಗೆ ಯಕೃತ್ತು ಗಂಟುಗಂಟಾಗಿ ಕಲ್ಲಿನಂತಾಗುತ್ತದೆ. ಅದೇ ಸಿರೋಸಿಸ್. ಅಲ್ಲಿಂದ ಮುಂದೆ ಹೊಟ್ಟೆಯಲ್ಲಿ ನೀರು, ರಕ್ತವಾಂತಿ, ಕ್ಯಾನ್ಸರ್.

ಕುಡಿತದಿಂದ ಯಕೃತ್ತು ಕೊಬ್ಬುವುದು ಹಳೆಯ ವಿಷಯ. ಗುಟುಕು ಹೆಂಡ ಮುಟ್ಟದವರಲ್ಲೂ ಅದೇ ಚಿತ್ರ ಕಾಣುತ್ತದೆಂದು ಅಮೆರಿಕದ ಮೇಯೋ ಕ್ಲಿನಿಕ್ಕಿನ ಜರ್ಗನ್ ಲುಡ್ವಿಗ್ ಮತ್ತು ಸಂಗಡಿಗರು 1980ರಲ್ಲಿ ಬರೆದು, ಆ ಉರಿಯೂತಕ್ಕೆ ಬೇರೆಯೇ ಹೆಸರಿಟ್ಟರು. 2023ರಲ್ಲಿ ತಜ್ಞರು ಹೆಸರನ್ನು ಮತ್ತೆ ಬದಲಿಸಿ 'ಚಯಾಪಚಯದ ಏರುಪೇರಿಗೆ ಸಂಬಂಧಿಸಿದ ಕೊಬ್ಬಿನ ಯಕೃತ್ತು' ಎಂಬರ್ಥ ಬರುವಂತೆ ಮಾಡಿದರು. ಹೆಸರು ಉದ್ದವಾಯಿತು, ಆದರೆ ಬೇರು ಎಲ್ಲಿದೆ ಎನ್ನುವುದು ಅದರಲ್ಲೇ ಬಂತು. ಮಧುಮೇಹ, ಬೊಜ್ಜು, ರಕ್ತದೊತ್ತಡ ಇವುಗಳ ಬಳಗಕ್ಕೆ ಸೇರಿದ್ದು ಇದು, ಕಾಮಣಿಯ ಬಳಗಕ್ಕಲ್ಲ.

ಇದು ಬೆಂಗಳೂರಿನ ಕುರ್ಚಿ ಕೆಲಸದವರ ಬೇನೆ, ರೊಟ್ಟಿ ತಿನ್ನುವ ನಮಗೇಕೆ ಎನ್ನುವವರಿದ್ದಾರೆ. ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟಿಸಿದ ವಿಶ್ಲೇಷಣೆ ವಯಸ್ಕರಲ್ಲಿ ಶೇ 38.6ರಷ್ಟು ಮಂದಿಗೆ ಇದಿದೆ ಎಂದು ಲೆಕ್ಕಹಾಕಿತು. ಪಶ್ಚಿಮ ಬಂಗಾಳದ ಹಳ್ಳಿಗಾಡಿನಲ್ಲಿ ನಡೆಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಬಡವರೂ ಮೈಮುರಿದು ದುಡಿಯುವವರೂ ಇದ್ದ ಸಮುದಾಯದಲ್ಲೇ ಶೇ 8.7 ಮಂದಿಗೆ ಇದು ಕಂಡುಬಂತು. ಅವರಲ್ಲಿ ಹೆಚ್ಚಿನವರು ನೋಡಲು ದಪ್ಪಗಿರಲಿಲ್ಲ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಎಂಬ ನಮ್ಮ ಪರಿಚಿತ ಮೈಕಟ್ಟಿನಲ್ಲೇ ಈ ಬೇನೆ ಅಡಗಿ ಕೂಡುತ್ತದೆ. ಕೇಂದ್ರ ಸರಕಾರ 2021ರಲ್ಲಿ ಇದನ್ನು ಮಧುಮೇಹ, ಹೃದ್ರೋಗಗಳ ಜತೆಗೆ ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು.

ನೆಲನೆಲ್ಲಿಯ ಕಥೆ

ಸಸ್ಯೌಷಧದ ಮೇಲಿನ ನಂಬಿಕೆ ಕನ್ನಡ ನಾಡಿಗೆ ಇಂದು ನಿನ್ನೆಯದಲ್ಲ. ಜೈನ ಪಂಡಿತ ಉಗ್ರಾದಿತ್ಯ ಒಂಬತ್ತನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ 'ಕಲ್ಯಾಣಕಾರಕ' ಬರೆದ. ಔಷಧದಲ್ಲಿ ಮಾಂಸದ ಅಗತ್ಯವಿಲ್ಲವೆಂದು ಆತ ನೃಪತುಂಗನ ಸಭೆಯಲ್ಲಿ ವಾದಿಸಿದನೆಂಬುದು ಆ ಪರಂಪರೆಯ ಮಾತು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ 'ಕರ್ಣಾಟಕ ಕಲ್ಯಾಣಕಾರಕ'ದಲ್ಲಿ ಮದ್ಯ, ಮಾಂಸ, ಮಧು ಮೂರನ್ನೂ ಬಿಟ್ಟ ಚಿಕಿತ್ಸೆಯಿದೆ. 'ಸಂಪೂರ್ಣ ಸಸ್ಯಜನ್ಯ' ಎಂದು ಇಂದಿನ ಬಾಟಲಿಗಳ ಮೇಲೆ ಹಸಿರಕ್ಷರದಲ್ಲಿ ಬರೆಯುವವರಿಗೆ ತಾವು ಹೊಸದೇನೂ ಹೇಳುತ್ತಿಲ್ಲವೆಂಬುದು ತಿಳಿದಿರಲಾರದು.

ಕಾಮಣಿ ಗಿಡಗಳಲ್ಲಿ ಅತಿ ಹೆಚ್ಚು ಪರೀಕ್ಷೆಗೆ ಒಳಗಾದದ್ದು ನೆಲನೆಲ್ಲಿ. ಮಳೆ ಬಿದ್ದ ಮೇಲೆ ಹೊಲದ ಬದುವಿನಲ್ಲಿ, ಓಣಿಯ ಅಂಚಿನಲ್ಲಿ ತಾನಾಗಿ ಏಳುವ ಗೇಣುದ್ದದ ಗಿಡ. ಎಲೆಯ ಸಾಲಿನ ಅಡಿಯಲ್ಲಿ ಸಾಸಿವೆಗಿಂತ ತುಸು ದಪ್ಪನೆಯ ಕಾಯಿಗಳು. 1988ರಲ್ಲಿ ಮದರಾಸಿನ ವೈದ್ಯವಿಜ್ಞಾನಿ ತ್ಯಾಗರಾಜನ್ ಮತ್ತು ಸಂಗಡಿಗರು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದರು. ಲೇಖಕರ ಪಟ್ಟಿಯಲ್ಲಿ ಹೆಪಟೈಟಿಸ್ 'ಬಿ' ವೈರಸ್ಸನ್ನು ಪತ್ತೆಹಚ್ಚಿ 1976ರಲ್ಲಿ ನೊಬೆಲ್ ಪಡೆದ ಬರೂಚ್ ಬ್ಲೂಂಬರ್ಗ್ ಕೂಡ ಇದ್ದರು. 'ಬಿ' ವೈರಸ್ ಹೊತ್ತವರಿಗೆ ನೆಲನೆಲ್ಲಿಯ ಪುಡಿಯನ್ನು 30 ದಿನ ಕೊಟ್ಟಾಗ 37 ಮಂದಿಯಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಯಿತು; ಹುಸಿಗುಳಿಗೆ ನುಂಗಿದ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಜಗತ್ತೇ ಕಿವಿ ನಿಮಿರಿಸಿತು. ಆಮೇಲೆ ಬೇರೆ ಬೇರೆ ಕಡೆ ಮಾಡಿ ನೋಡಿದ ಪ್ರಯೋಗಗಳಲ್ಲಿ ಆ ಫಲ ಮರುಕಳಿಸಲಿಲ್ಲ. ಎಲ್ಲವನ್ನೂ ಜರಡಿ ಹಿಡಿದ 2011ರ ಕಾಕ್ರೇನ್ ವಿಮರ್ಶೆ, ನಂಬುವಂಥ ಪುರಾವೆ ಇಲ್ಲವೆಂದಿತು.

ಗಿಡವೇ ಬೇರೆಯಾಗಿತ್ತೇ ಎಂಬ ಅನುಮಾನಕ್ಕೂ ಆಸ್ಪದವಿದೆ. ನೆಲನೆಲ್ಲಿಯ ಕುಲದಲ್ಲಿ ನೋಡಲು ಒಂದೇ ತೆರನಾದ ಹಲವು ಜಾತಿಗಳಿವೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ದಕ್ಷಿಣ ಭಾರತದ 25 ಅಂಗಡಿಗಳಿಂದ ನೆಲನೆಲ್ಲಿ ಎಂದು ಮಾರುತ್ತಿದ್ದ ಸರಕನ್ನು ತಂದು ಪರೀಕ್ಷಿಸಿ 2010ರಲ್ಲಿ ವರದಿ ಮಾಡಿದರು. ಮುಕ್ಕಾಲು ಪಾಲು ಸರಿಯಾದ ಜಾತಿ. ಉಳಿದ ಕಾಲು ಪಾಲಿನಲ್ಲಿ ಅದರ ದಾಯಾದಿಗಳು. ಗಿಡವನ್ನು ಬೇರು ಸಮೇತ ಕಣ್ಣಾರೆ ಕಂಡು ಕಿತ್ತು ತರುವ ಹಳ್ಳಿಯ ಔಷಧಿಗಾರನಿಗೆ ಈ ಪೇಚಿರಲಿಲ್ಲ. ಪುಡಿಯಾದ ಮೇಲೆ ಗುರುತು ಹಿಡಿಯುವವರು ಯಾರು?

ಹಿಮಾಲಯದ ಎತ್ತರದಲ್ಲಿ ಬೆಳೆಯುವ, ನಾಲಗೆಗಿಟ್ಟರೆ ಗಂಟೆಗಟ್ಟಲೆ ಕಹಿ ಬಿಡದ ಕಟುಕರೋಹಿಣಿಯ ಸಾರವನ್ನು ಲಖನೌದ ಕೇಂದ್ರೀಯ ಔಷಧ ಸಂಶೋಧನಾಲಯದವರು 'ಪಿಕ್ರೋಲಿವ್' ಎಂದು ಹೆಸರಿಟ್ಟು ಪರೀಕ್ಷಿಸಿದರು. ಇಂಥ ಪರೀಕ್ಷೆಗಳ ರೀತಿ ತಿಳಿದಿದ್ದರೆ ಜಾಹೀರಾತಿನ 'ವೈಜ್ಞಾನಿಕವಾಗಿ ಸಾಬೀತು' ಎಂಬ ಮಾತಿನ ತೂಕ ಅರಿಯುವುದು ಸುಲಭ. ಇಲಿಗೆ ಕಾರ್ಬನ್ ಟೆಟ್ರಾಕ್ಲೋರೈಡ್ ಎಂಬ ವಿಷ ಕೊಡುತ್ತಾರೆ. ಒಂದು ಗುಂಪಿಗೆ ಮೊದಲೇ ಸೊಪ್ಪಿನ ಸಾರ ಕುಡಿಸಿರುತ್ತಾರೆ. ಆ ಇಲಿಗಳ ಯಕೃತ್ತು ಕಡಿಮೆ ಕೆಟ್ಟರೆ ಸೊಪ್ಪು 'ಯಕೃತ್ತಿನ ರಕ್ಷಕ' ಎನಿಸಿಕೊಳ್ಳುತ್ತದೆ. ನೆಲನೆಲ್ಲಿ, ಗರುಗ, ಪುನರ್ನವ, ನೆಲಬೇವು ಎಲ್ಲವೂ ಇಲಿಯ ಮೇಲೆ ಇಂಥ ಪರೀಕ್ಷೆ ಗೆದ್ದಂಥವೇ. ಅದು ಸುಳ್ಳಲ್ಲ. ಆದರೆ ಮುಧೋಳದ ಅಂಗಡಿಕಾರನ ಯಕೃತ್ತು ಕೊಬ್ಬಿದ್ದು ಒಮ್ಮೆ ಕುಡಿದ ವಿಷದಿಂದಲ್ಲ, ಹತ್ತು ವರ್ಷ ದಿನಕ್ಕೆ ಎಂಟು ಕಪ್ಪು ಚಹಾದೊಡನೆ ಹೋದ ಸಕ್ಕರೆಯಿಂದ. ವಿಷಕ್ಕೆ ಮೊದಲು ಕೊಟ್ಟ ಕವಚವೇ ಬೇರೆ, ಕೂಡಿದ ಕೊಬ್ಬನ್ನು ಕರಗಿಸುವುದೇ ಬೇರೆ.

ಮನುಷ್ಯರ ಮೇಲೆ, ಅದೂ ಫ್ಯಾಟಿ ಲಿವರ್ ಇರುವವರ ಮೇಲೆ, ಸರಿಯಾಗಿ ನಡೆದ ಪ್ರಯೋಗಗಳು ಕಡಿಮೆ. ಇದ್ದುದರಲ್ಲಿ ದೊಡ್ಡ ಹೆಸರು ಯುರೋಪಿನ ಮಿಲ್ಕ್ ಥಿಸಲ್ ಗಿಡದ್ದು. ಮುಳ್ಳಿನೆಲೆ, ನೇರಳೆ ಹೂವು, ಎಲೆಯ ಮೇಲೆ ಹಾಲು ಚೆಲ್ಲಿದಂಥ ಬಿಳಿಗೆರೆ. ಅದರ ಬೀಜದ ಸಾರ ಸಿಲಿಮರಿನ್. ವಿಷದ ಅಣಬೆ ತಿಂದವರಿಗೆ ಯುರೋಪಿನ ಆಸ್ಪತ್ರೆಗಳಲ್ಲಿ ಇದರ ಚುಚ್ಚುಮದ್ದು ಕೊಡುವುದುಂಟು. ನಮ್ಮ ಔಷಧಿ ಅಂಗಡಿಗಳಲ್ಲೂ ಅದರ ಗುಳಿಗೆಗೆ ಕೊರತೆಯಿಲ್ಲ. ಮಲೇಷ್ಯಾದಲ್ಲಿ ದಿನಕ್ಕೆ ಮೂರು ಸಲ 700 ಮಿಲಿಗ್ರಾಂನಂತೆ 48 ವಾರ ಕೊಟ್ಟು, ಮೊದಲೂ ಕೊನೆಗೂ ಯಕೃತ್ತಿನ ಚೂರು ತೆಗೆದು ನೋಡಿದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಮುಖ್ಯವಾಗಿ ಯಾವ ಸುಧಾರಣೆಯನ್ನು ಅಳೆಯಬೇಕೆಂದು ಹೊರಟಿದ್ದರೋ ಅದರಲ್ಲಿ ಹುಸಿಗುಳಿಗೆಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ; ಗಾಯದ ಮಚ್ಚೆ ತುಸು ಕಡಿಮೆಯಾದ ಸುಳಿವು ಮಾತ್ರ ಸಿಕ್ಕಿತು. ಅರಿಶಿಣದ ಕರ್ಕ್ಯುಮಿನ್ ಮೇಲೆ ಇರಾನಿನಲ್ಲಿ ನಡೆದ ಹಲವು ಸಣ್ಣ ಪ್ರಯೋಗಗಳಲ್ಲಿ ಎಸ್‌ಜಿಪಿಟಿ ಅಂಶವೂ ಸೋನೋಗ್ರಫಿಯ ಕೊಬ್ಬೂ ಇಳಿದವು. ಆದರೆ ಅವು ಎರಡು ಮೂರು ತಿಂಗಳ, ಕೆಲವೇ ಹತ್ತು ಜನರ ಪ್ರಯೋಗಗಳು. ಸಿರೋಸಿಸ್ ತಡೆದೀತೇ ಎಂದು ಅವುಗಳನ್ನು ಕೇಳುವಂತಿಲ್ಲ.

ಭಾರತದ ಲಿವರ್ ಗುಳಿಗೆಗಳಲ್ಲಿ ಹೆಸರುವಾಸಿಯಾದ ಲಿವ್-52 ಪೇಟೆಗೆ ಬಂದದ್ದು 1955ರಲ್ಲಿ. ಎಪ್ಪತ್ತು ವರ್ಷಗಳಲ್ಲಿ ಅದು ಔಷಧಿಯ ಹೆಸರಾಗಿರುವುದಕ್ಕಿಂತ ಒಂದು ಅಭ್ಯಾಸದ ಹೆಸರಾಗಿದೆ. ಸಂಜೆ ಗ್ಲಾಸು ಎತ್ತುವವರು ಮುಂಜಾನೆ ಲಿವರಿನ ಗುಳಿಗೆಯನ್ನೋ ಸಿರಪ್ಪನ್ನೋ ನುಂಗಿ ಲೆಕ್ಕ ಸರಿಯಾಯಿತು ಎನ್ನುವುದನ್ನು ಎಲ್ಲ ಊರಿನಲ್ಲೂ ಕೇಳಬಹುದು. ಯಾವ ಕಂಪನಿಯ ಗುಳಿಗೆಯಾದರೂ ಈ ಲೆಕ್ಕ ಸರಿಯಾಗುವುದಿಲ್ಲ.

ಗಿಡವೇ ಯಕೃತ್ತನ್ನು ಕೆಡಿಸಿದಾಗ

ಲಾಭವಿಲ್ಲದಿದ್ದರೆ ಬೇಡ, ಸೊಪ್ಪಿನಿಂದ ನಷ್ಟವೇನು ಎಂಬ ಮಾತಿದೆಯಲ್ಲ, ಅದನ್ನು ಕಳೆದ ಕೆಲವು ವರ್ಷಗಳು ಅಲುಗಾಡಿಸಿವೆ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಯಲ್ಲಿ ಕುದಿಯಿತು. 2020ರ ಕೊನೆಯ ತಿಂಗಳುಗಳಲ್ಲಿ ಮುಂಬಯಿಯ ಯಕೃತ್ ತಜ್ಞರ ಬಳಿ ಆರು ಮಂದಿ ಕಾಮಣಿಯೊಡನೆ ಬಂದರು. ಆರೂ ಮಂದಿ ಅಮೃತಬಳ್ಳಿ ಸೇವಿಸಿದ್ದರು. 2022ರಲ್ಲಿ ದೇಶದ ಹಲವು ಆಸ್ಪತ್ರೆಗಳು ಸೇರಿ ಇಂಥ 43 ಪ್ರಕರಣಗಳನ್ನು ವರದಿ ಮಾಡಿದವು. ಹೆಚ್ಚಿನವರಲ್ಲಿ ಕಂಡದ್ದು, ದೇಹದ ರಕ್ಷಣಾ ವ್ಯವಸ್ಥೆ ತನ್ನದೇ ಯಕೃತ್ತಿನ ಮೇಲೆ ತಿರುಗಿಬಿದ್ದ ಲಕ್ಷಣ. ಅಮೃತಬಳ್ಳಿಯ ಹೆಸರಿನಲ್ಲಿ ಅದರಂತೆಯೇ ಕಾಣುವ ಬೇರೊಂದು ಬಳ್ಳಿ ಸೇರಿರಬಹುದು, ಗಿಡವನ್ನು ಸರಿಯಾಗಿ ಗುರುತಿಸಿಲ್ಲ ಎಂದು ಆಯುಷ್ ಸಚಿವಾಲಯ ಆಕ್ಷೇಪಿಸಿ, ಅಮೃತಬಳ್ಳಿ ಸುರಕ್ಷಿತವೆಂದು ಹೇಳಿತು. ವಾದ ಪೂರ್ತಿ ತೀರಿಲ್ಲ. ಲಕ್ಷಾಂತರ ಜನ ಕುಡಿದರಲ್ಲ, ಎಲ್ಲರಿಗೂ ಏನೂ ಆಗಲಿಲ್ಲವಲ್ಲ ಎಂಬುದೂ ಖರೆ. ಆದರೆ ಮೊದಲೇ ಯಕೃತ್ತಿನ ತೊಂದರೆ, ಥೈರಾಯ್ಡ್, ಸಂಧಿವಾತದಂಥ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಕುಡಿಯುವುದು ಜಾಣತನವಲ್ಲ. ಫ್ಯಾಟಿ ಲಿವರ್ ಇರುವವರೆಲ್ಲ ಮೊದಲೇ ಯಕೃತ್ತಿನ ತೊಂದರೆ ಇರುವವರೇ ತಾನೆ?

ಅರಿಶಿಣದ ವಿಷಯ ಕೇಳಿದರೆ ಈ ಭಾಗದವರಿಗೆ ಬೇಸರವಾದೀತು. ಕಬ್ಬಿನಂತೆ ಅರಿಶಿಣವೂ ಇಲ್ಲಿಯ ರೊಕ್ಕದ ಬೆಳೆ. ಒಗ್ಗರಣೆಗೆ ಬೀಳುವ ಚಿಟಿಕೆ ಅರಿಶಿಣದ ಬಗ್ಗೆ ಯಾರ ತಕರಾರೂ ಇಲ್ಲ. ಅದರಲ್ಲಿನ ಕರ್ಕ್ಯುಮಿನ್ ಮೈಗೆ ಹತ್ತುವುದೇ ಕಡಿಮೆ. ಹತ್ತಲಿ ಎಂದು ಕಂಪನಿಗಳು ನೂರಾರು ಮಿಲಿಗ್ರಾಂ ಸಾರ ತೆಗೆದು ಮೆಣಸಿನ ಪೈಪರಿನ್ ಬೆರೆಸಿ ಗುಳಿಗೆ ಮಾಡುತ್ತವೆ. ಇಟಲಿಯಲ್ಲಿ 2019ರಲ್ಲಿ ಇಂಥ ಗುಳಿಗೆ ನುಂಗಿದವರಲ್ಲಿ ಯಕೃತ್ತಿನ ಉರಿಯೂತದ ಸಾಲು ಪ್ರಕರಣಗಳು ಕಂಡವು. ಅಮೆರಿಕದ ಸಂಶೋಧಕರು 2022ರಲ್ಲಿ ಹತ್ತು ಪ್ರಕರಣ ವಿವರಿಸಿ, ಅವರಲ್ಲಿ ಹಲವರಿಗೆ ಒಂದು ನಿರ್ದಿಷ್ಟ ಅನುವಂಶೀಯ ಗುರುತು ಇದ್ದುದನ್ನು ತೋರಿಸಿದರು. ತೂಕ ಇಳಿಸಲೆಂದು ಮಾರುವ ಗ್ರೀನ್ ಟೀ ಸಾರದ ಗುಳಿಗೆಗಳದೂ ಇದೇ ಕಥೆ. ಅಡುಗೆಮನೆಯ ಪದಾರ್ಥ ಗುಳಿಗೆಯಾದ ದಿನವೇ ಅದು ಅಡುಗೆಮನೆಯದಾಗಿ ಉಳಿಯಲಿಲ್ಲ.

ಕಬ್ಬಿನ ಹಾಲಿನ ವಿಪರ್ಯಾಸ

ಕಾಮಣಿಯ ಔಷಧದ ಜತೆಗೆ ಕಾಮಣಿಯ ಊಟವೂ ಫ್ಯಾಟಿ ಲಿವರಿಗೆ ದಾಟಿಬಂದಿರುವುದು ಇನ್ನೂ ದೊಡ್ಡ ಅನಾಹುತ. ಕಾಮಣಿಯಾದವರಿಗೆ ಕಬ್ಬಿನ ಹಾಲು ಕುಡಿಸಬೇಕು, ಗ್ಲುಕೋಸ್ ಪುಡಿ ಕದಡಿ ಕೊಡಬೇಕು ಎಂಬುದು ಹಳೆಯ ರೂಢಿ. ಅನ್ನ ಸೇರದೆ, ವಾಂತಿಯಾಗಿ ಬಳಲಿದ ರೋಗಿಗೆ ಅದು ಒಂದಿಷ್ಟು ತ್ರಾಣ ಕೊಡುತ್ತಿತ್ತು. 'ಲಿವರಿಗೆ ಕಬ್ಬಿನ ಹಾಲು ಒಳ್ಳೆಯದು' ಎಂಬ ಮಾತು ಹಾಗೆ ಬೇರೂರಿತು. ಆದರೆ ಒಂದು ಲೋಟ ಕಬ್ಬಿನ ಹಾಲಿನಲ್ಲಿ 30 ಗ್ರಾಂಗೂ ಮೀರಿ ಸಕ್ಕರೆಯಿರುತ್ತದೆ. ಕಬ್ಬಿನ ಸಕ್ಕರೆಯ ಅರ್ಧ ಪಾಲು ಗ್ಲುಕೋಸ್, ಅರ್ಧ ಪಾಲು ಫ್ರಕ್ಟೋಸ್. ಗ್ಲುಕೋಸನ್ನು ಮೈಯ ಎಲ್ಲ ಭಾಗಗಳೂ ಹಂಚಿಕೊಂಡು ಸುಡುತ್ತವೆ. ಫ್ರಕ್ಟೋಸಿನ ಭಾರ ಬಹುಪಾಲು ಯಕೃತ್ತಿನ ತಲೆಗೇ ಬರುತ್ತದೆ. ಹೆಚ್ಚಾದದ್ದು ಅಲ್ಲಿಯೇ ಕೊಬ್ಬಾಗುತ್ತದೆ. ಎಣ್ಣೆ ಬಿಟ್ಟು ಕಬ್ಬಿನ ಹಾಲು ಹಿಡಿದ ಫ್ಯಾಟಿ ಲಿವರ್ ರೋಗಿ ಬೆಂಕಿಗೆ ತುಪ್ಪ ಸುರಿದಂತೆ ಮಾಡಿಕೊಳ್ಳುತ್ತಾನೆ.

ಸಕ್ಕರೆ ಬಿಟ್ಟು ಬೆಲ್ಲದ ಚಹಾ ಹಿಡಿದಿದ್ದೇನೆ ಎನ್ನುವವರಿಗೂ ಇದೇ ಮಾತು. ಬೆಲ್ಲದಲ್ಲಿ ತುಸು ಕಬ್ಬಿಣ, ತುಸು ಖನಿಜ ಇರಬಹುದು. ಉಳಿದದ್ದೆಲ್ಲ ಹೆಚ್ಚುಕಡಿಮೆ ಸಕ್ಕರೆಯೇ. ಮಹಾಲಿಂಗಪುರದ ಬೆಲ್ಲದ ಪೇಟೆಯ ಹೆಸರು ದೂರದವರೆಗೆ ಹೋಗಿದೆ, ಸಮೀರವಾಡಿಯ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲು ಹಂಗಾಮು ಮುಗಿಯುವತನಕ ಕರಗುವುದಿಲ್ಲ. ಕೃಷ್ಣೆ, ಘಟಪ್ರಭೆಯ ನೀರು ಹರಿದ ಕಡೆಯಲ್ಲೆಲ್ಲ ಜೋಳದ ಹೊಲ ಕಬ್ಬಿನ ಗದ್ದೆಯಾಯಿತು. ಬೀಳಗಿ ತಾಲ್ಲೂಕಿನಲ್ಲಿ ಆಲಮಟ್ಟಿಯ ಹಿನ್ನೀರು ಹಲವು ಊರುಗಳನ್ನೇ ಎತ್ತಿ ಬೇರೆಡೆ ಕೂಡಿಸಿತು. ಸಕ್ಕರೆ ಕಾರ್ಖಾನೆ ಪಕ್ಕದಲ್ಲಿದ್ದರೆ ಲಿವರ್ ಕೊಬ್ಬುತ್ತದೆಂದು ಯಾರೂ ಹೇಳುವಂತಿಲ್ಲ. ಕಬ್ಬು ಬೆಳೆದವನೇ ಎಲ್ಲ ಸಕ್ಕರೆ ತಿನ್ನುವುದಿಲ್ಲ. ಆದರೆ ದುಡಿಮೆಯ ಬಗೆ ಬದಲಾದದ್ದು ಕಣ್ಣಿಗೆ ಕಾಣುತ್ತದೆ. ರಬಕವಿ, ಬನಹಟ್ಟಿಯ ನೇಕಾರರು ಕುಣಿಮಗ್ಗದಲ್ಲಿ ಕೂತು ಕೈಕಾಲು ಎರಡನ್ನೂ ಆಡಿಸಿ ಸೀರೆ ನೇಯುತ್ತಿದ್ದರು. ವಿದ್ಯುತ್ ಮಗ್ಗದಲ್ಲಿ ಲಾಳಿಯನ್ನು ಓಡಿಸುವುದು ಮೋಟಾರು. ಮನುಷ್ಯ ಎಳೆ ಹರಿದೀತೆಂದು ಕಾಯುತ್ತ ನಿಲ್ಲುತ್ತಾನೆ, ನಡುನಡುವೆ ಚಹಾ ಬರುತ್ತದೆ. ಹೊಲಕ್ಕೆ ನಡೆದು ಹೋಗುತ್ತಿದ್ದವರು ಬೈಕಿನಲ್ಲಿ ಹೋಗುತ್ತಾರೆ. ಉಣ್ಣುವ ಗಂಗಾಳ ಮಾತ್ರ ದುಡಿಮೆ ಕಡಿಮೆಯಾಯಿತೆಂದು ಸಣ್ಣದಾಗಲಿಲ್ಲ.

ಬೇರೊಂದು ಅಧ್ಯಾಯ

ಚರಕಸಂಹಿತೆಯಲ್ಲಿ ಕಾಮಲಾ ರೋಗದ ಮಾತು ಬರುವುದು ಚಿಕಿತ್ಸಾಸ್ಥಾನದ ಪಾಂಡುರೋಗದ ಅಧ್ಯಾಯದಲ್ಲಿ. ಫ್ಯಾಟಿ ಲಿವರ್ ಎಂಬ ಹೆಸರಿನ ರೋಗ ಅಲ್ಲಿಲ್ಲ, ಇರಲು ಸಾಧ್ಯವೂ ಇಲ್ಲ. ಹೊಟ್ಟೆ ಕೊಯ್ಯದೆ ಯಕೃತ್ತಿನ ಕೊಬ್ಬು ಕಾಣುವ ಯಂತ್ರ ಆಗ ಇರಲಿಲ್ಲ. ಆದರೆ ಸೂತ್ರಸ್ಥಾನದ ಇಪ್ಪತ್ತೊಂದನೆಯ ಅಧ್ಯಾಯದಲ್ಲಿ ಅತಿಸ್ಥೂಲ, ಅಂದರೆ ಬೊಜ್ಜು ಬೆಳೆದವನ ವರ್ಣನೆಯಿದೆ. ಅತಿಯಾಗಿ ಉಣ್ಣುವುದು, ಸಿಹಿ, ಜಿಡ್ಡು, ಹಗಲು ನಿದ್ದೆ, ಮೈ ಬಗ್ಗಿಸದಿರುವುದು ಇವನ್ನೇ ಕಾರಣವೆಂದು ಅದು ಹೇಳುತ್ತದೆ. ಅವನಿಗೆ ಹೇಳಿದ ಧಾನ್ಯಗಳ ಪಟ್ಟಿ ಉತ್ತರ ಕರ್ನಾಟಕದವರಿಗೆ ಪರಿಚಿತವೇ: ನವಣೆ, ಸಾವೆ, ಹಾರಕ, ಹೆಸರು, ಹುರುಳಿ, ಮತ್ತು ಜೋಳವೆಂದು ಪಂಡಿತರು ಅರ್ಥ ಮಾಡುವ ಜೂರ್ಣಾಹ್ವ. ಅಮೃತಬಳ್ಳಿ, ತ್ರಿಫಲೆಗಳೂ ಅಲ್ಲಿವೆ. ಅವು ಮಾತ್ರ ಇಲ್ಲ. ವ್ಯಾಯಾಮವನ್ನೂ ಎಚ್ಚರವಾಗಿರುವುದನ್ನೂ ಮೆಲ್ಲಮೆಲ್ಲನೆ ಹೆಚ್ಚಿಸುತ್ತ ಹೋಗಬೇಕು ಎಂಬ ಮಾತೂ ಇದೆ. ಚಿಂತೆಯನ್ನೂ ಹೆಚ್ಚಿಸಬೇಕು ಎನ್ನುತ್ತಾನೆ ಚರಕ! ಅದೊಂದನ್ನು ಇಂದಿನವರು ಕೇಳದೆಯೇ ಪಾಲಿಸುತ್ತಿದ್ದಾರೆ.

ನಾವು ಗ್ರಂಥ ಬಿಟ್ಟಿಲ್ಲ. ಅಧ್ಯಾಯ ತಪ್ಪಿ ತೆರೆದಿದ್ದೇವೆ. ತೆರೆದ ಅಧ್ಯಾಯದಲ್ಲೂ ಸೊಪ್ಪನ್ನು ಇಟ್ಟುಕೊಂಡು ಪಥ್ಯವನ್ನು ಕೈಬಿಟ್ಟಿದ್ದೇವೆ. ಹಳ್ಳಿಯ ಔಷಧಿಗಾರ ಪಥ್ಯ ಮಾಡದವನಿಗೆ ಔಷಧವನ್ನೇ ಕೊಡುತ್ತಿರಲಿಲ್ಲ. ಬಾಟಲಿಗೆ ಅಂಥ ಹಟವಿಲ್ಲ, ಅದು ಪಥ್ಯ ಕೇಳದಿರುವುದೇ ಅದರ ಆಕರ್ಷಣೆ.

ಆಧುನಿಕ ಅಧ್ಯಯನಗಳು ಹೇಳುವುದೂ ಇದಕ್ಕೆ ದೂರವಿಲ್ಲ. ಕ್ಯೂಬಾದಲ್ಲಿ 293 ರೋಗಿಗಳಿಗೆ 52 ವಾರ ಊಟ-ವ್ಯಾಯಾಮದ ಕಟ್ಟುಪಾಡು ಮಾಡಿಸಿ 2015ರಲ್ಲಿ ಫಲ ಪ್ರಕಟಿಸಿದರು. ಮೈತೂಕದ ಶೇ 10ರಷ್ಟು ಇಳಿಸಿದವರಲ್ಲಿ ಶೇ 90 ಮಂದಿಗೆ ಯಕೃತ್ತಿನ ಉರಿಯೂತ ಹೋಗಿತ್ತು. ಶೇ 45 ಮಂದಿಯಲ್ಲಿ ಗಾಯದ ಮಚ್ಚೆಯೂ ಹಿಂದೆ ಸರಿದಿತ್ತು. 80 ಕಿಲೋ ತೂಗುವವರಿಗೆ ಅದು 8 ಕಿಲೋ. ಅಷ್ಟು ಇಳಿಸುವುದು ಸುಲಭವಲ್ಲ, ಆ ಅಧ್ಯಯನದಲ್ಲೂ ಇಳಿಸಿದವರು ಕೆಲವರೇ. ಶೇ 5 ಇಳಿದರೂ ಕೊಬ್ಬು ಕರಗತೊಡಗುತ್ತದೆ. ತೆಳ್ಳಗಿನವರು ಅಷ್ಟೂ ಇಳಿಸಬೇಕಾಗಿಲ್ಲ. ಜೋಳದ ರೊಟ್ಟಿಯಲ್ಲೂ ಪಿಷ್ಟವಿದೆ, ಐದಾರು ತಿಂದರೆ ಅದೂ ಕೊಬ್ಬೇ. ಎರಡು ರೊಟ್ಟಿಗೆ ಹಸಿ ತಪ್ಪಲು, ಮೊಳಕೆ ಕಾಳಿನ ಪಲ್ಯ ಹೆಚ್ಚು ಹಾಕಿಕೊಂಡರೆ ಹೊಟ್ಟೆಯೂ ತುಂಬುತ್ತದೆ. ಅಂದಹಾಗೆ, ಸಸ್ಯಜನ್ಯ ಪದಾರ್ಥಗಳಲ್ಲಿ ಯಕೃತ್ತಿನ ಮಟ್ಟಿಗೆ ಒಳ್ಳೆಯ ಹೆಸರು ಗಳಿಸಿದ್ದು ಯಾವ ಮೂಲಿಕೆಯೂ ಅಲ್ಲ, ಚಿಕ್ಕಮಗಳೂರು-ಕೊಡಗಿನ ಕಾಫಿ. ಕಾಫಿ ಕುಡಿಯುವವರಲ್ಲಿ ಯಕೃತ್ತಿನ ಗಾಯ ಕಡಿಮೆ ಎಂದು ಹಲವು ದೇಶಗಳ ಸಮೀಕ್ಷೆಗಳು ಹೇಳುತ್ತವೆ. ಅದು ಸಮೀಕ್ಷೆ ಮಾತ್ರ, ಚಿಕಿತ್ಸೆಯಲ್ಲ. ಸಕ್ಕರೆ ಹಾಕಿದರೆ ಆ ಮಾತಿಗೂ ಅರ್ಥವಿಲ್ಲ.

ಔಷಧಗಳೂ ಬರುತ್ತಿವೆ. ಭಾರತದಲ್ಲಿ 2020ರಲ್ಲಿ ಸಾರೋಗ್ಲಿಟಜಾರ್‌ಗೆ ಅನುಮತಿ ದೊರೆಯಿತು. ಅಮೆರಿಕದಲ್ಲಿ 2024ರ ಮಾರ್ಚಿಯಲ್ಲಿ ರೆಸ್ಮೆಟಿರಾಮ್‌ಗೂ, 2025ರ ಆಗಸ್ಟಿನಲ್ಲಿ ಸೆಮಾಗ್ಲುಟೈಡ್‌ಗೂ ಅನುಮತಿ ಸಿಕ್ಕಿತು. ಅಮೆರಿಕದ ಆ ಎರಡು ಅನುಮತಿಗಳೂ ಗಾಯದ ಮಚ್ಚೆ ಒಂದು ಹಂತ ಮುಟ್ಟಿದವರಿಗೆ ಮಾತ್ರ, ಊಟ-ವ್ಯಾಯಾಮದ ಜತೆಗೇ ಎಂಬ ಷರತ್ತಿನೊಡನೆ. ಪಥ್ಯ ಅಲ್ಲಿಯೂ ತಪ್ಪಲಿಲ್ಲ.

ಬಾಟಲಿ ಕೊಳ್ಳುವವರು ಅದರ ಮೇಲಿನ ಸಣ್ಣ ಅಕ್ಷರ ಓದುವುದು ಒಳ್ಳೆಯದು. 14 ಅಂಕಿಯ ಆಹಾರ ಸುರಕ್ಷತಾ ಪರವಾನಗಿ ಸಂಖ್ಯೆ ಇದ್ದು 'ಪೂರಕ ಆಹಾರ' ಎಂದಿದ್ದರೆ ಕಾನೂನಿನ ಕಣ್ಣಿನಲ್ಲಿ ಅದು ಔಷಧವೇ ಅಲ್ಲ. ಔಷಧವಾಗಿ ಬಳಸುವಂತಿಲ್ಲ ಎಂದು ಅದರ ಮೇಲೇ ಮುದ್ರಿಸಿರಬೇಕು. ಆಯುರ್ವೇದ ಔಷಧವಾದರೆ ತಯಾರಿಕೆಯ ಪರವಾನಗಿ ಸಂಖ್ಯೆ ಇರುತ್ತದೆ. ಗುಣಪಡಿಸುತ್ತೇವೆಂದು ಹೇಳಿಕೊಳ್ಳಬಾರದ ರೋಗಗಳ ಪಟ್ಟಿಯೊಂದು ಔಷಧ ನಿಯಮಾವಳಿಯ 'ಜೆ' ಅನುಸೂಚಿಯಲ್ಲಿದೆ. ಕಾಮಾಲೆ, ಹೆಪಟೈಟಿಸ್, ಯಕೃತ್ತಿನ ತೊಂದರೆ, ಬೊಜ್ಜು ನಾಲ್ಕೂ ಅದರಲ್ಲಿವೆ. '30 ದಿನಗಳಲ್ಲಿ ಫ್ಯಾಟಿ ಲಿವರ್ ಮಾಯ' ಎಂಬ ಜಾಹೀರಾತು ಯಾವ ಕಡೆಯಿಂದ ನೋಡಿದರೂ ಈ ಪಟ್ಟಿಗೆ ಎದುರಾಗುತ್ತದೆ.

ಗ್ರೇಡ್ ಒಂದೋ ಎರಡೋ ಎನ್ನುವುದು ಕೊಬ್ಬಿನ ಅಂದಾಜು ಮಾತ್ರ. ಗಾಯವಾಗಿದೆಯೇ ಎಂಬುದನ್ನು ಸೋನೋಗ್ರಫಿ ಸರಿಯಾಗಿ ಹೇಳದು. ಅದಕ್ಕೆ ವಯಸ್ಸು, ಎಸ್‌ಜಿಒಟಿ, ಎಸ್‌ಜಿಪಿಟಿ, ಪ್ಲೇಟ್‌ಲೆಟ್ ಎಣಿಕೆ ಈ ನಾಲ್ಕನ್ನು ಹಿಡಿದು ಮಾಡುವ 'ಫಿಬ್-4' ಎಂಬ ಲೆಕ್ಕವಿದೆ. ತಾಲ್ಲೂಕು ಮಟ್ಟದ ಪ್ರಯೋಗಾಲಯದ ರಕ್ತಪರೀಕ್ಷೆಯೇ ಇದಕ್ಕೆ ಸಾಕು. ಸಂಶಯವಿದ್ದರೆ ಮುಂದೆ ಫೈಬ್ರೋಸ್ಕ್ಯಾನ್. ಹೀಗೆ ತೋರಿಸಿಕೊಳ್ಳಲು ಹೋದಾಗ ಸೊಪ್ಪಿನ ಔಷಧ ತೆಗೆದುಕೊಳ್ಳುತ್ತಿರುವುದನ್ನು ಹೆಚ್ಚಿನವರು ಡಾಕ್ಟರರಿಗೆ ಹೇಳುವುದಿಲ್ಲ, ಬೈದಾರೆಂಬ ಅಂಜಿಕೆ. ಎಸ್‌ಜಿಪಿಟಿ ಏರಿದ್ದು ಕೊಬ್ಬಿನಿಂದಲೋ ಗುಳಿಗೆಯಿಂದಲೋ ಎಂದು ತಿಳಿಯಲು ಅದನ್ನು ಹೇಳಲೇಬೇಕು. ಬಾಟಲಿಯನ್ನು ಚೀಲದಲ್ಲಿ ಹಾಕಿಕೊಂಡು ಹೋಗುವುದು ಮೇಲು. ಚೀಟಿ ಇಲ್ಲದ ಪುಡಿಯಾದರೆ ಆ ಪುಡಿಯ ಪೊಟ್ಟಣವನ್ನೇ.